ಪ್ಯಾಲೆಸ್ಟೈನಿನ ಮಾತು ನಮಗೇಕೆ?

ದಾವಣಗೆರೆಯಲ್ಲಿ ಕುಳಿತು ಪ್ಯಾಲೆಸ್ಟೈನಿನ ವಿಚಾರ ಎತ್ತಿದರೆ ಎರಡು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಅಷ್ಟು ದೂರದ ಗೊಡವೆ ನಮಗೇಕೆ ಎಂಬುದು ಮೊದಲನೆಯದು. ನೀವು ಯಾರ ಕಡೆಯವರು ಎಂಬುದು ಎರಡನೆಯದು. ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಪ್ರಶ್ನೆಗಳ ಭಯವಿಲ್ಲ. ಈ ಎರಡಕ್ಕೂ ನನಗೆ ತೋಚಿದ ಉತ್ತರವನ್ನು ಕೇಳುಗರ ಮುಂದಿಡುತ್ತೇನೆ.

ದೂರದ ಮಾತನ್ನು ಮೊದಲು ನೋಡೋಣ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಂಡವರು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳದವರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಯೋಧರಲ್ಲಿ ಒಬ್ಬನು ನಮ್ಮ ಮೈಸೂರಿನವನು. ದಾವಣಗೆರೆ, ಹರಿಹರಗಳು ಆಗ ಆ ಸಂಸ್ಥಾನದ ಊರುಗಳೇ. ಹಾಗೆ ಗೆದ್ದ ನೆಲವನ್ನು ಆಳಿದವರು ಮಾತ್ರ ಬ್ರಿಟಿಷರು. ಅಲ್ಲಿ ಯೆಹೂದಿಗಳಿಗೆ ರಾಷ್ಟ್ರೀಯ ನೆಲೆಯೊಂದನ್ನು ಕಟ್ಟಲು ನೆರವಾಗುವುದಾಗಿ ಅವರು 1917ರ ನವೆಂಬರ್ 2ರ ಬಾಲ್ಫರ್ ಘೋಷಣೆಯಲ್ಲೇ ಮಾತು ಕೊಟ್ಟಾಗಿತ್ತು. ಆ ನೆಲದ ಬಹುಸಂಖ್ಯಾತರಾದ ಅರಬರನ್ನು ಯಾರೂ ಕೇಳಿರಲಿಲ್ಲ. ಪ್ರಾಣ ಕೊಟ್ಟ ಮೈಸೂರಿನ ಸವಾರನನ್ನೂ ಕೇಳಿರಲಿಲ್ಲ. ಹೀಗೆ, ನಾವು ಅರಿಯದೆಯೇ ಆ ಕಥೆಯೊಳಗೆ ಹೊಕ್ಕು ನೂರು ವರ್ಷಗಳ ಮೇಲಾಯಿತು.

1947ರಲ್ಲಿ ವಿಶ್ವಸಂಸ್ಥೆ ಪ್ಯಾಲೆಸ್ಟೈನಿನ ಭವಿಷ್ಯವನ್ನು ಚಿಂತಿಸಲು 11 ರಾಷ್ಟ್ರಗಳ ಸಮಿತಿಯೊಂದನ್ನು ನೇಮಿಸಿತು. ಹೆಚ್ಚಿನವರು ನೆಲವನ್ನು ಇಬ್ಭಾಗ ಮಾಡಬೇಕೆಂದರು. ಭಾರತ, ಇರಾನ್ ಮತ್ತು ಯುಗೊಸ್ಲಾವಿಯಾ ಮಾತ್ರ ಬೇರೆ ದಾರಿಯನ್ನು ಸೂಚಿಸಿದವು: ಅರಬರಿಗೂ ಯೆಹೂದಿಗಳಿಗೂ ತಮ್ಮ ತಮ್ಮ ರಾಜ್ಯ, ಎರಡನ್ನೂ ಒಳಗೊಂಡ ಒಂದೇ ಸಂಯುಕ್ತ ದೇಶ, ಜೆರೂಸಲೆಮ್ ಅದರ ರಾಜಧಾನಿ. ಆ ಸಲಹೆ ಬಿದ್ದುಹೋಯಿತು. ನವೆಂಬರ್ 29ರಂದು ವಿಭಜನೆಯ ಪರವಾಗಿ 33, ವಿರುದ್ಧವಾಗಿ 13 ಮತಗಳು ಬಂದವು. ಆ ಹದಿಮೂರರಲ್ಲಿ ಭಾರತದ್ದೂ ಒಂದು. ವಿಭಜನೆಯ ಗಾಯ ನಮ್ಮ ಮೈಮೇಲೆ ಇನ್ನೂ ಹಸಿಯಾಗಿದ್ದ ದಿನಗಳವು. ಮುಂದಿನ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೈನಿಯರು ಮನೆಮಠ ಕಳೆದುಕೊಂಡರು. ನೆರೆಯವರೊಡನೆ ಶಾಂತಿಯಿಂದ ಬಾಳಬಯಸುವ ನಿರಾಶ್ರಿತರು ತಮ್ಮ ಮನೆಗಳಿಗೆ ಮರಳಲು ಬಿಡಬೇಕೆಂದು 1948ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ನಿರ್ಣಯಿಸಿತು. ನಿರ್ಣಯ ಕಾಗದದಲ್ಲಿ ಉಳಿಯಿತು; ಜನ ಶಿಬಿರಗಳಲ್ಲಿ ಉಳಿದರು.

ಆ ಮೂರು ದೇಶಗಳ ಸಲಹೆಯನ್ನು ಓದುವಾಗಲೆಲ್ಲ ನನಗೆ ಹರಿಹರ ನೆನಪಾಗುತ್ತದೆ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಅಲ್ಲಿ ಕಟ್ಟಿಸಿದ ಗುಡಿಯಲ್ಲಿ ಬಲಗಡೆ ಹರ, ಎಡಗಡೆ ಹರಿ, ಮೂರ್ತಿ ಒಂದೇ. ಆದರೆ ಉಪಮಾನವನ್ನು ಎಲ್ಲಿಯವರೆಗೆ ಎಳೆಯಬಹುದೆಂಬುದು ಸಾಹಿತ್ಯದ ವಿದ್ಯಾರ್ಥಿಗೆ ತಿಳಿದಿರಬೇಕು. ಕಲ್ಲಿನ ಮೂರ್ತಿಯಲ್ಲಿ ಎರಡೂ ಅರ್ಧಗಳ ತೂಕ ಸಮ. ಪ್ಯಾಲೆಸ್ಟೈನಿನಲ್ಲಾದರೋ ಒಬ್ಬರಿಗೆ ರಾಜ್ಯವಿದೆ, ಸೈನ್ಯವಿದೆ. ಇನ್ನೊಬ್ಬರಲ್ಲಿ ಲಕ್ಷಾಂತರ ಜನಕ್ಕೆ ನಿರಾಶ್ರಿತರ ಪಟ್ಟಿಯಲ್ಲೊಂದು ಹೆಸರು ಮಾತ್ರ. ಸಮಾನತೆಯನ್ನು ಬಿಟ್ಟು ಸಹಬಾಳ್ವೆಯನ್ನು ಬೋಧಿಸಿದರೆ ಅದು ಬಲಿಷ್ಠನಿಗೆ ಮಾಡುವ ಉಪಚಾರವಾಗುತ್ತದೆ. ಆದ್ದರಿಂದಲೇ ಮೊದಲು ಹಕ್ಕಿನ ಮಾತು, ಆಮೇಲೆ ಸೌಹಾರ್ದದ ಮಾತು.

ಇನ್ನು ಎರಡನೆಯ ಪ್ರಶ್ನೆ: ಯಾರ ಕಡೆ? ನಮ್ಮಲ್ಲಿ ಪ್ಯಾಲೆಸ್ಟೈನ್ ಎಂದೊಡನೆ ಅದನ್ನು ಹಿಂದೂ ಮುಸ್ಲಿಮರ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವ ಅಭ್ಯಾಸ ಬೆಳೆದಿದೆ. ಪ್ಯಾಲೆಸ್ಟೈನಿನ ನೋವನ್ನು ಜಗತ್ತಿನ ವಿದ್ವಾಂಸರ ಮುಂದಿಟ್ಟ ಎಡ್ವರ್ಡ್ ಸೈದ್ ಕ್ರೈಸ್ತ ಮನೆತನದವರು. 1989ರಿಂದ ಆಕ್ರಮಿತ ಪ್ರದೇಶದ ಅನ್ಯಾಯಗಳನ್ನು ದಾಖಲಿಸುತ್ತ ಬಂದಿರುವ ಬೆತ್ಸೆಲೆಮ್ ಸಂಸ್ಥೆ ಇಸ್ರೇಲಿಗಳದೇ. ಆ ಹೀಬ್ರೂ ಪದಕ್ಕೆ 'ಪ್ರತಿರೂಪದಲ್ಲಿ' ಎಂದರ್ಥ. ಮನುಷ್ಯನು ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದನೆಂಬ ಯೆಹೂದ್ಯರ ಧರ್ಮಗ್ರಂಥದ ಮಾತಿನಿಂದಲೇ ಅದನ್ನು ಆರಿಸಿಕೊಂಡಿದ್ದಾರೆ. ತನ್ನ ಸರ್ಕಾರ ತುಳಿದವನಲ್ಲಿಯೂ ಆ ರೂಪವನ್ನು ಕಾಣುವುದು ಸುಲಭದ ಸಾಧನೆಯಲ್ಲ.

ಒಕ್ಕೂಟವೆಂಬುದರ ಬೆಲೆ ಇಲ್ಲಿದೆ. ದಾವಣಗೆರೆ ಹತ್ತಿ ಗಿರಣಿಗಳಿಂದ ಬೆಳೆದ ಊರು. ಕಾರ್ಮಿಕ ನಾಯಕ ಪಂಪಾಪತಿಯವರನ್ನು 1978, 1983, 1985ರಲ್ಲಿ ವಿಧಾನಸಭೆಗೆ ಆರಿಸಿ ಕಳಿಸಿದ ಊರು. ಒಂದು ಗಿರಣಿಗೆ ಬೀಗ ಬಿದ್ದಾಗ ಇನ್ನೊಂದು ಗಿರಣಿಯವನು ಬಂದು ಬಾಗಿಲ ಮುಂದೆ ನಿಂತರೆ ಮಾತ್ರ ಸಂಘಕ್ಕೆ ಅರ್ಥ ಎಂಬುದನ್ನು ಈ ಊರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನೊಂದವನ ನೆಂಟರು ಅತ್ತರೆ ಅದು ದುಃಖ. ನೆಂಟರಲ್ಲದವರು ಬಂದು ಜೊತೆ ನಿಂತರೆ ಅದು ನ್ಯಾಯದ ಬೇಡಿಕೆ.

ಹಾಗೆ ನಿಲ್ಲುವವನಿಗೆ ಒಂದು ನಿಯಮವಿದೆ. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತದರ ಜೊತೆಗಾರರು ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದು, 251 ಮಂದಿಯನ್ನು ಒತ್ತೆಯಾಗಿ ಕೊಂಡೊಯ್ದದ್ದು ಘೋರವೆಂದು ಅವನು ನಾಲಿಗೆ ತಡವರಿಸದೆ ಹೇಳಬೇಕು. ಅದೇ ನಾಲಿಗೆಯಿಂದ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ 2025ರ ಜುಲೈ ಕೊನೆಗೆ ಅಲ್ಲಿ ಸತ್ತವರ ಸಂಖ್ಯೆ 60,000 ದಾಟಿತ್ತೆಂಬುದನ್ನೂ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವನು ಮಾನವ ಹಕ್ಕಿನ ಮಾತಾಡುತ್ತಿಲ್ಲ, ತನ್ನ ಗುಂಪಿನ ಮಾತಾಡುತ್ತಿದ್ದಾನೆ.

ನಮ್ಮ ನಾಡಿನಲ್ಲಿಯೂ ಇಂಥ ದನಿಗಳುಂಟು. ಹಲವು ಸಂಘಟನೆಗಳೂ ವ್ಯಕ್ತಿಗಳೂ ಕೂಡಿದ ಬಹುತ್ವ ಕರ್ನಾಟಕ ಒಂದು ಉದಾಹರಣೆ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ಯಾಲೆಸ್ಟೈನಿಯರ ಪರವಾಗಿ ಕೆಲವರು ಮೌನವಾಗಿ ನಿಂತಾಗ, ಅನುಮತಿಯಿಲ್ಲವೆಂದು ಪೊಲೀಸರು ಮೊಕದ್ದಮೆ ಹೂಡಿದರು. ಯೆಹೂದಿಗಳನ್ನು ಅರಬರ ಮೇಲೆ ಹೇರುವುದು ತಪ್ಪೆಂದು 1938ರಲ್ಲಿ ಬರೆದ, ಯೆಹೂದಿಗಳ ಸಂಕಟಕ್ಕೂ ಮರುಗಿದ ಮಹಾತ್ಮನ ಹೆಸರಿನ ರಸ್ತೆ ಅದು.

ಸರ್ಕಾರಗಳ ನೀತಿ ಕಾಲಕ್ಕೆ ತಕ್ಕಂತೆ ಹೊರಳುತ್ತದೆ. ಭಾರತ 1988ರಲ್ಲಿ ಪ್ಯಾಲೆಸ್ಟೈನ್ ರಾಷ್ಟ್ರವನ್ನು ಮಾನ್ಯ ಮಾಡಿತು. 1992ರಲ್ಲಿ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ರಾಜ್ಯಗಳಿಗೆ ಅವುಗಳದೇ ಲೆಕ್ಕಾಚಾರವಿರುತ್ತದೆ. ಪ್ರಜೆಗೆ ಅಂಥ ಹಂಗಿಲ್ಲ. ಊರೂರಿನಲ್ಲಿ ನಾಲ್ಕಾರು ಜನ, ಬೇರೆ ಬೇರೆ ದೇವರಿಗೆ ಕೈಮುಗಿಯುವವರೂ ಮುಗಿಯದವರೂ ಒಟ್ಟಿಗೆ ಕುಳಿತು, ಓದಿ, ತಿಳಿದು, ಒಂದು ಮನವಿಗೆ ಸಹಿ ಹಾಕಿದರೆ ಗಾಜಾದಲ್ಲಿ ಆ ದಿನವೇ ಒಂದು ಮನೆಯೂ ಎದ್ದು ನಿಲ್ಲುವುದಿಲ್ಲ. ಆದರೆ ನಾಳೆ ನಮ್ಮ ಕೇರಿಯಲ್ಲೇ ಒಬ್ಬನನ್ನು ಮನೆಯಿಂದ ಹೊರದೂಡಿದಾಗ, ಅವನು ಯಾರ ಕಡೆಯವನೆಂದು ಮೊದಲು ಕೇಳುವ ಕೆಟ್ಟ ಚಾಳಿ ನಮ್ಮಿಂದ ತುಸುವಾದರೂ ದೂರವಾಗಿರುತ್ತದೆ.