ಐಡಿ ಮುಚ್ಚಿದರೆ ಕಾರಣ ಕೇಳೋಣ
(ಹಾರನಹಳ್ಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೊಗೆಸೊಪ್ಪಿನ ಹರಾಜಿನಲ್ಲಿ ಬೇಲ್ ತಿರಸ್ಕೃತವಾದರೆ ರೈತನು ಅಲ್ಲಿಯೇ ನಿಂತು ಕಾರಣ ಕೇಳಬಲ್ಲನು. ಆದರೆ ಮೈಸೂರು, ಬೆಂಗಳೂರುಗಳಲ್ಲಿ ಬೈಕಿನ ಮೇಲೆ ಊಟ, ದಿನಸಿ ತಲುಪಿಸುವ ನಮ್ಮ ಸೀಮೆಯ ಹುಡುಗನು ಯಾರನ್ನು ಕೇಳಬೇಕು? ಬೆಳಿಗ್ಗೆ ಫೋನ್ ತೆರೆದರೆ ಐಡಿ ಮುಚ್ಚಿರುತ್ತದೆ. ಬೈಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಊರಿಗೆ ತಿಳಿಸಿದರೆ ನಾವು ಮೊದಲು ಹೇಳುವ ಮಾತು, "ನೀನೇ ಏನೋ ಮಾಡಿರಬೇಕು!"

ಈ ಮಾತನ್ನು ನಾವು ಬಿಡಬೇಕಾಗಿದೆ. ಗಿಗ್ ಕಾರ್ಮಿಕರಿಗಾಗಿ ರಾಜಸ್ಥಾನವು 2023ರಲ್ಲಿ ಕಾನೂನು ಮಾಡಿತು; ಕರ್ನಾಟಕವು 2025ರಲ್ಲಿ ಮಾಡಿತು. ನಮ್ಮ ರಾಜ್ಯದ ಕಾಯ್ದೆಯಂತೆ, ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆಯಿಲ್ಲದೆ ಕಂಪೆನಿಯು ಕಾರ್ಮಿಕನನ್ನು ತೆಗೆಯುವಂತಿಲ್ಲ. ಇನ್ನೊಬ್ಬರ ದೇಹಕ್ಕೆ ಹಾನಿಯಾದಂತಹ ಪ್ರಕರಣಗಳಿಗೆ ಮಾತ್ರ ವಿನಾಯಿತಿಯಿದೆ. ಕೆಲಸ ಹಂಚಿಕೆ, ರೇಟಿಂಗ್‌ಗಳನ್ನು ಯಂತ್ರವು ಹೇಗೆ ನಿರ್ಧರಿಸುತ್ತದೆಂಬ ಮಾಹಿತಿಯನ್ನೂ ಕೇಳಬಹುದು. ಕಲ್ಯಾಣ ನಿಧಿಗಾಗಿ ಕಾರ್ಮಿಕನ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗಿನ ಶುಲ್ಕವನ್ನು ಕಂಪೆನಿಯೇ ತೆರಬೇಕು.

ನೂರಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಂಪೆನಿಯಲ್ಲಿ ವ್ಯಾಜ್ಯ ಪರಿಹಾರ ಸಮಿತಿಯಿರಬೇಕು. ಆದರೆ ತೆಗೆದವರ ಮನೆಯ ಸಮಿತಿಯೇ ತೆಗೆದುದರ ವಿಚಾರಣೆ ನಡೆಸುವುದು ನಮಗೆ ಸಮಾಧಾನ ತರುವ ಏರ್ಪಾಡಲ್ಲ. ಹಾಗೆಂದು ಸುಮ್ಮನಿರಲಾಗದು. ಸರಕಾರದ ಕುಂದುಕೊರತೆ ಅಧಿಕಾರಿಗೂ ದೂರು ಕೊಡಲು ಅವಕಾಶವಿದೆ.

ದೂರಿಗೆ ದಾಖಲೆ ಬೇಕು. ಕಂಪೆನಿಯ ಸಂದೇಶ, ಪಾವತಿಯ ವಿವರ, ಐಡಿ ಮುಚ್ಚಿದ ದಿನದ ಪರದೆಯ ಚಿತ್ರ ಇವುಗಳನ್ನು ಮಗನು ಅಂದೇ ಮನೆಯವರ ಫೋನಿಗೂ ಕಳುಹಿಸಿಡಲಿ. ಐಡಿ ಮುಚ್ಚಿದ ಮೇಲೆ ಆ್ಯಪ್‌ನೊಳಗಿನ ಲೆಕ್ಕವೂ ಅವನ ಕೈಗೆ ಸಿಗದೆ ಹೋಗಬಹುದು.