ಮಾಳಿಗೆಯೇರಿದ ಎರೆಮಣ್ಣು

ನವಲಗುಂದದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ಬುತ್ತಿಯ ಗಂಟುಗಳ ನಡುವೆ ಒಮ್ಮೊಮ್ಮೆ ಮಣ್ಣಿನ ಚೀಲವೂ ಕಾಣಸಿಗುತ್ತದೆ. ಪಟ್ಟಣದಲ್ಲಿ ಮೂರನೆಯ ಅಂತಸ್ತಿನ ಮನೆ ಹಿಡಿದ ಮಗ ಕುಂಡದಲ್ಲಿ ತುಳಸಿಯನ್ನೋ ಕೊತ್ತಂಬರಿಯನ್ನೋ ಹಾಕಿಕೊಳ್ಳಲೆಂದು ತಾಯಿ ಕಟ್ಟಿಕೊಟ್ಟ ಹೊಲದ ಮಣ್ಣು ಅದು. ನಾನೂ ಮಗಳ ಮನೆಗೆ ಹಾಗೆ ಒಯ್ದವನೇ. ಆ ಮಮತೆಯನ್ನು ಹಗುರಾಗಿ ಕಾಣಲಾರೆ. ಆದರೆ ಮಣ್ಣು ಹಗುರವಲ್ಲವೆಂಬುದನ್ನು ಹೇಳಲೇಬೇಕಾಗಿದೆ.

ಎರೆಭೂಮಿಯ ಸ್ವಭಾವವನ್ನು ನವಲಗುಂದ, ಅಣ್ಣಿಗೇರಿ, ಕುಂದಗೋಳದ ಒಕ್ಕಲುಮಕ್ಕಳಿಗೆ ಯಾರೂ ಕಲಿಸಬೇಕಾದುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದು ಹಿಡಿದಿಟ್ಟ ತೇವವನ್ನು ನಂಬಿಯೇ ಹಿಂಗಾರಿಯ ಜೋಳ, ಕಡಲೆಗಳು ಕಾಳುಗಟ್ಟುತ್ತವೆ. ಕುಂಡದಲ್ಲಾದರೋ ಈ ಗುಣವೇ ದೋಷವಾಗುತ್ತದೆ. ಒಣಗಿದ ಮಣ್ಣು ಕುಂಡದ ಗೋಡೆಯನ್ನು ಬಿಟ್ಟು ಸರಿಯುತ್ತದೆ. ಎರೆದ ನೀರು ಆ ಸಂದಿನಲ್ಲಿ ಜಾರಿ, ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯನ್ನು ತೋಯಿಸುತ್ತದೆಯೇ ಹೊರತು ಬೇರನ್ನು ಮುಟ್ಟುವುದಿಲ್ಲ.

ಇನ್ನು ಭಾರ. ಒಂದು ಘನ ಅಡಿ ಹಸಿ ಮಣ್ಣು ಸುಮಾರು 50 ಕಿಲೋ ತೂಗುತ್ತದೆ. ಜನ ಹತ್ತಿ ಓಡಾಡುವ ಚಪ್ಪಟೆ ಮಾಳಿಗೆಗೆ 1987ರ ಭಾರತೀಯ ಮಾನಕವು ಗೊತ್ತುಪಡಿಸಿದ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಲೆಕ್ಕ ಹಾಕಿ ನೋಡಿರಿ: ಹಸಿ ಮಣ್ಣನ್ನು ಮೂರು ಅಂಗುಲ ದಪ್ಪವಾಗಿ ಹರವಿದರೆ ಆ ಮಿತಿಯ ಹತ್ತಿರ ಬಂದಂತಾಯಿತು. ಹೊರಕ್ಕೆ ಚಾಚಿದ ಬಾಲ್ಕನಿಯಲ್ಲಿ ಭಾರ ತುದಿಗೆ ಸರಿದಷ್ಟೂ ಬುಡಕ್ಕೆ ಜಗ್ಗು ಹೆಚ್ಚು. ಆದುದರಿಂದ ದೊಡ್ಡ ಕುಂಡಗಳು ಮನೆಯ ಗೋಡೆಯ ಮಗ್ಗುಲಲ್ಲಿರಲಿ. ಕಟಾಂಜನದ ಮೇಲೆ ಯಾವ ಕುಂಡವೂ ಬೇಡ. ಆಷಾಢದ ಗಾಳಿಗೆ ಅದು ಉರುಳಿದರೆ ಕೆಳಗೆ ಆಡುವ ಮಕ್ಕಳ ಗತಿಯೇನು?

ನಮ್ಮ ಹಿರಿಯರು ಮಣ್ಣಿನ ಮಾಳಿಗೆಯ ಮೇಲೆ ಮೊಳೆತ ಹುಲ್ಲನ್ನು ಸಹ ಕಿತ್ತುಹಾಕುತ್ತಿದ್ದರು. ಬೇರು ಇಳಿದಲ್ಲಿ ನೀರು ಇಳಿಯುತ್ತದೆಂದು ಅವರು ಬಲ್ಲವರಾಗಿದ್ದರು. ನೀರುಂಡ ಮಣ್ಣು ಏನು ಮಾಡಬಲ್ಲುದೆಂಬುದನ್ನು 2019ರ ಆಗಸ್ಟಿನ ಮಳೆಯಲ್ಲಿ, ಬೆಣ್ಣಿಹಳ್ಳ ಉಕ್ಕಿದಾಗ, ಕುಸಿದ ಮನೆಗಳ ಮುಂದೆ ನಿಂತು ನೋಡಿದ್ದೇವೆ. ಸಿಮೆಂಟಿನ ಗಚ್ಚು ಅಷ್ಟು ಬೇಗ ಸೋಲದು, ನಿಜ. ಆದರೂ ಸದಾ ಜಿನುಗುವ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಉಬ್ಬಿದ ತುಕ್ಕು ಗಚ್ಚನ್ನು ಒಡೆಯುತ್ತದೆ.

ಹಾಗಾದರೆ ಊರಿನಿಂದ ಏನನ್ನು ತರಬೇಕು? ಕಲಘಟಗಿಯ ಕಡೆಯ ಮಸಾರಿ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ಭತ್ತದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು. ಕುಂಡ ಹಗುರಾಗುತ್ತದೆ, ಹೆಚ್ಚಿನ ನೀರೂ ಬಸಿಯುತ್ತದೆ. ಎರೆಮಣ್ಣು ಬೇಕೇಬೇಕೆನ್ನುವ ತಾಯಂದಿರು ತುಳಸಿಯ ಕುಂಡಕ್ಕೆ ಒಂದು ಹಿಡಿ ಬೆರೆಸಲಿ. ಕುಂಡದಡಿಯ ತಟ್ಟೆಯ ನೀರನ್ನು ಮಾತ್ರ ವಾರಕ್ಕೊಮ್ಮೆ ತಪ್ಪದೆ ಚೆಲ್ಲಬೇಕು. ಡೆಂಗಿಯ ಸೊಳ್ಳೆ ಬೆಳೆಯಲು ಅಷ್ಟು ನೀರು ಸಾಕು.

ಇದಕ್ಕಿಂತಲೂ ಗಂಭೀರವಾದ ಮಾತೊಂದಿದೆ. ಹತ್ತಿಗೆ ಹೊಡೆದ ಔಷಧದ ಬರಿದಾದ ಡಬ್ಬಿಗಳನ್ನು ತೊಳೆದು ಕುಂಡ ಮಾಡುವ ರೂಢಿ ನಮ್ಮಲ್ಲುಂಟು. ಔಷಧವೆಂಬ ಹೆಸರೇ ಮೋಸದ್ದು; ಅದು ವಿಷ. ಎಷ್ಟು ತೊಳೆದರೂ ಅದರ ಅಂಶ ಉಳಿದೀತು. ಅಂಥ ಡಬ್ಬಿಯನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ವಿಧಿಸಿದವು. ಅದರಲ್ಲಿ ಬೆಳೆದ ಕೊತ್ತಂಬರಿ ಮೊಮ್ಮಗುವಿನ ಅನ್ನದ ಮೇಲೆ ಬೀಳುವುದು ಬೇಡ. ಮುಂದಿನ ಸಲ ಬಸ್ಸು ಹತ್ತುವ ಮೊದಲು ಚೀಲವನ್ನೊಮ್ಮೆ ಬಿಚ್ಚಿ ನೋಡಿರಿ, ಡಬ್ಬಿಯಿದ್ದರೆ ಕೆಳಗಿಳಿಸಿರಿ.