ಮಕ್ಕಳ ವಿದ್ಯೆಗೆ ಮುಂಚಿನ ಸಿದ್ಧತೆ: ಜತ್ತ ತಾಲೂಕಿನ ಪಾಲಕರಿಗೆ ಎರಡು ಮಾತು



ಹಿಂಗಾರಿ ಜೋಳವನ್ನು ನೆಚ್ಚಿ ಬಾಳುವ ನಾಡು ನಮ್ಮದು. ಹಸ್ತದ ಮಳೆ ಬಿದ್ದ ಮೇಲೆ ಕೂರಿಗೆಯನ್ನು ಹುಡುಕುವ ಒಕ್ಕಲಿಗನನ್ನು ಕಂಡರೆ ಊರೇ ನಗುತ್ತದೆ. ಹೊಲದ ವಿಷಯದಲ್ಲಿ ಇಷ್ಟು ಮುಂದಾಲೋಚನೆಯುಳ್ಳ ನಾವು ಮಕ್ಕಳ ವಿದ್ಯೆಯ ವಿಷಯದಲ್ಲಿ ಮಾತ್ರ "ಹತ್ತನೆಯ ಇಯತ್ತೆ ಮುಗಿಯಲಿ, ಆಮೇಲೆ ನೋಡೋಣ" ಎನ್ನುತ್ತೇವೆ. ಆಮೇಲೆ ನೋಡುವುದಕ್ಕೆ ಬಹಳ ಉಳಿದಿರುವುದಿಲ್ಲ. ಅದೇಕೆಂಬುದನ್ನು ಇಂದು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ಪುಣೆಯಲ್ಲಿ 1967ರಲ್ಲಿ ಸ್ಥಾಪಿತವಾದ ಬಾಲಭಾರತಿ ಸಂಸ್ಥೆಯು ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಹತ್ತನೆಯ ಇಯತ್ತೆಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಅಲ್ಲಿಯವರೆಗೆ ನಮ್ಮ ಮಗುವಿನ ದಾರಿ ತಾಯ್ನುಡಿಯಲ್ಲಿಯೇ ಸಾಗುತ್ತದೆ. ಹನ್ನೊಂದನೆಯ ಇಯತ್ತೆಯಲ್ಲಿ ವಿಜ್ಞಾನಕ್ಕೆ ಸೇರಿದರೆ ಪಾಠ ಇಂಗ್ಲಿಷಿನಲ್ಲಿ. ಕಲಾ ವಿಭಾಗಕ್ಕೆ ಸೇರಿದರೆ ಸಾಮಾನ್ಯವಾಗಿ ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ಮೊದಲಿಗನಾಗಿದ್ದ ಹುಡುಗನು ಅಲ್ಲಿ ಮೂಕನಂತೆ ಹಿಂದಿನ ಬೆಂಚಿನಲ್ಲಿ ಕುಳಿತುಬಿಡುತ್ತಾನೆ. ಅವನ ಬುದ್ಧಿಗೆ ಏನೂ ಕುಂದಾಗಿರುವುದಿಲ್ಲ. ಪಾಠದ ಭಾಷೆ ಬದಲಾಗಿರುತ್ತದೆ. ಇದನ್ನು ತಿಳಿಯದೆ ತಾನು ದಡ್ಡನೆಂದೇ ಬಗೆದು, ಶಾಲೆ ಬಿಟ್ಟು, ಕಬ್ಬಿನ ಗ್ಯಾಂಗಿನೊಡನೆ ಹೊರಟುಹೋದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಇಲ್ಲವೆ?

ಆದುದರಿಂದ ಮಗುವು ಏಳನೆಯ ಇಯತ್ತೆಯಲ್ಲಿರುವಾಗಲೇ, ಮುಂದೆ ಏನಾಗಬೇಕೆಂಬ ಆಸೆಯಿದೆಯೆಂದು ಅದನ್ನು ಕೇಳಿರಿ. ಆ ಗುರಿಯಿಂದ ಹಿಂದಕ್ಕೆ ವರ್ಷಗಳನ್ನು ಎಣಿಸುತ್ತ ಬನ್ನಿರಿ. ಯಾವ ವರ್ಷ ಯಾವ ಪರೀಕ್ಷೆ, ಅದು ಯಾವ ಭಾಷೆಯಲ್ಲಿ, ಅದಕ್ಕೆ ಯಾವ ದಾಖಲೆ ಬೇಕು ಎಂಬುದು ತಾನಾಗಿಯೇ ತೋರುತ್ತದೆ.

ವೈದ್ಯನಾಗಬೇಕೆನ್ನುವವನಿಗೆ ನೀಟ್ ಪರೀಕ್ಷೆಯುಂಟು. ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಅದಕ್ಕೆ ಮೊದಲಿನ ಎರಡು ವರ್ಷಗಳ ವಿಜ್ಞಾನವಾದರೋ ಇಂಗ್ಲಿಷಿನಲ್ಲಿಯೇ. ಆದ್ದರಿಂದ ಎಂಟನೆಯ ಇಯತ್ತೆಯಿಂದಲೇ ದಿನಕ್ಕೆ ಐದು ವಿಜ್ಞಾನದ ಶಬ್ದಗಳನ್ನು ಎರಡೂ ಭಾಷೆಗಳಲ್ಲಿ ಬರೆದುಕೊಳ್ಳುವ ರೂಢಿಯಾಗಬೇಕು. ಮಹಾರಾಷ್ಟ್ರ ಸರಕಾರದ ಅಧಿಕಾರಿಯಾಗಬೇಕೆನ್ನುವವಳು ಮರಾಠಿಯನ್ನು ಬರಿಯ ಪಾಸಿಗಾಗಿ ಓದಿದರೆ ಸಾಲದು. ಆ ನುಡಿಯಲ್ಲಿ ಸೊಗಸಾಗಿ ಬರೆಯಲು ಕಲಿಯಬೇಕು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯುವ ಅವಕಾಶವಿದೆ. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿಯೂ ಆರಿಸಿಕೊಳ್ಳಬಹುದು.

ಕರ್ನಾಟಕದಲ್ಲಿ ಇಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣವನ್ನು ಪಡೆಯಲಿಚ್ಛಿಸುವವರು ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಅಲ್ಲಿಯ ಸಿಇಟಿ ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದ್ದು, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜಗಳೊಡನೆ ಜತ್ತ ತಾಲೂಕಿನ ಹೆಸರೂ ಅಲ್ಲಿ ಬರುತ್ತದೆ. ಒಂದರಿಂದ ಹನ್ನೆರಡನೆಯ ಇಯತ್ತೆಯೊಳಗೆ ಏಳು ವರ್ಷ ಈ ಪ್ರದೇಶದಲ್ಲಿ ಓದಿರಬೇಕು. ಕನ್ನಡ ಭಾಷಾ ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಬೇಕು. ಏಳು ವರ್ಷಗಳನ್ನು ಒಂದು ದಿನದಲ್ಲಿ ಸಂಪಾದಿಸಲು ಬರುವುದಿಲ್ಲ. ಐದನೆಯ ಇಯತ್ತೆಗೇ ಮಗನನ್ನು ದೂರದ ಪಟ್ಟಣದ ವಸತಿಗೃಹಕ್ಕೆ ಕಳುಹಿಸುವ ತಂದೆಯು ಈ ಲೆಕ್ಕವನ್ನು ಮೊದಲೇ ಹಾಕಿ ನೋಡಲಿ. ಪ್ರತಿ ಶಾಲೆಯ ದಾಖಲೆಯನ್ನೂ ಜೋಪಾನವಾಗಿಡಲಿ. ಇತರ ಷರತ್ತುಗಳೂ ಉಂಟು. ಆಯಾ ವರ್ಷದ ಪ್ರಕಟಣೆಯನ್ನು ಓದಿ ನೋಡಿರಿ.

ಹಣವಿಲ್ಲವೆನ್ನುವಿರಾ? ಸರಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೆಯ ಇಯತ್ತೆಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಯುಂಟು. ಪಾಲಕರ ವಾರ್ಷಿಕ ಆದಾಯ 3,50,000 ರೂಪಾಯಿಗಳನ್ನು ಮೀರಿರಬಾರದು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ಇಯತ್ತೆಯವರೆಗೆ ವರ್ಷಕ್ಕೆ 12,000 ರೂಪಾಯಿ ಸಲ್ಲುತ್ತದೆ, ಒಟ್ಟು 48,000. 2023ರಲ್ಲಿಯೂ 2024ರಲ್ಲಿಯೂ ಮಹಾರಾಷ್ಟ್ರದಲ್ಲಿ ಈ ಪರೀಕ್ಷೆ ಡಿಸೆಂಬರಿನಲ್ಲಿ ನಡೆಯಿತು. ಕಬ್ಬು ಕಡಿಯಲು ಹೋದವರು ಊರಿಗೆ ಮರಳದಿರುವ ಕಾಲವೂ ಅದೇ. ಆ ವರ್ಷವಾದರೂ ಮಗುವನ್ನು ಅಜ್ಜಿಯ ಬಳಿಯಲ್ಲಿ ಬಿಟ್ಟುಹೋಗಿರಿ. ನೆರೆಯವರು ಅದಕ್ಕೆ ಒಂದು ರೊಟ್ಟಿ ಹೆಚ್ಚು ತಟ್ಟಲಿ.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿ ಹೇಳಬೇಕಾಗಿದೆ. ಅವರ ಗುರಿಯನ್ನು ಕೇಳುವ ಮೊದಲೇ ಮದುವೆಯ ವರ್ಷವನ್ನು ಎಣಿಸುವ ಮನೆಗಳು ಇನ್ನೂ ಉಂಟು. ನೆರೆಯ ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯವೇ ನಡೆದಿದೆ. ಇಂದು ಅದಕ್ಕೆ ಅಕ್ಕಮಹಾದೇವಿಯ ಹೆಸರು. ನಮ್ಮ ಗಡಿಯ ಮಹಿಳೆಯ ಸಾಮರ್ಥ್ಯಕ್ಕೆ ಜಯದೇವಿತಾಯಿ ಲಿಗಾಡೆಯವರಿಗಿಂತ ಬೇರೆ ನಿದರ್ಶನ ಬೇಕೆ? 1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ಅವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಸ್ವಪ್ರಯತ್ನದಿಂದ ಸಾಧಿಸಿದರು. ತ್ರಿಪದಿಯಲ್ಲಿ ಸಿದ್ಧರಾಮ ಪುರಾಣವನ್ನು ರಚಿಸಿದರು. ಶರಣರ ವಚನಗಳನ್ನು ಮರಾಠಿಗೂ ತಂದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದ ಪ್ರಥಮ ಮಹಿಳೆ ಅವರೇ. ಎರಡು ನುಡಿಗಳ ನಡುವೆ ಹುಟ್ಟಿದ್ದನ್ನು ಅವರು ಕೊರತೆಯೆಂದು ಬಗೆಯಲಿಲ್ಲ; ವರ್ಷಗಟ್ಟಲೆ ದುಡಿದು ಎರಡನ್ನೂ ತಮ್ಮದಾಗಿಸಿಕೊಂಡರು.

ಇನ್ನೊಂದು ಗುರಿಯನ್ನೂ ನಿಮ್ಮ ಗಮನಕ್ಕೆ ತರಬೇಕು. ಉಮದಿ, ಸಂಖ, ಮಾಡಗ್ಯಾಳಗಳ ಮನೆಗಳಿಂದ ಕನ್ನಡ ಮಾಧ್ಯಮದ ಶಿಕ್ಷಕರಾಗಲು ಯಾರೂ ಸಿದ್ಧರಾಗದಿದ್ದರೆ, ನಾಳೆ ನಮ್ಮ ಶಾಲೆಗಳಲ್ಲಿ ನಿಂತು ಪಾಠ ಹೇಳುವವರು ಯಾರು? ಹನ್ನೆರಡನೆಯ ಇಯತ್ತೆಯ ಬಳಿಕ ಶಿಕ್ಷಕ ತರಬೇತಿ, ಆಮೇಲೆ ಶಿಕ್ಷಕ ಅರ್ಹತಾ ಪರೀಕ್ಷೆ: ಇದಕ್ಕೂ ಐದಾರು ವರ್ಷಗಳ ಮುಂಚಿನ ಸಿದ್ಧತೆ ಬೇಕು. ಊರಿನಲ್ಲಿಯೇ ಉಳಿದು ಊರನ್ನು ಬೆಳೆಸುವುದೂ ದೊಡ್ಡ ಗುರಿಯೇ.

ಮನೆಗೊಂದು ವಹಿಯನ್ನು ಇಡಿರಿ. ಮೊದಲ ಪುಟದಲ್ಲಿ ಮಗುವಿನ ಗುರಿಯನ್ನು ಅದರ ಕೈಯಿಂದಲೇ ಬರೆಯಿಸಿರಿ. ಕೆಳಗೆ ವರ್ಷಕ್ಕೊಂದು ಸಾಲು: ಪರೀಕ್ಷೆ, ಭಾಷೆ, ದಾಖಲೆ, ಖರ್ಚು. ಪ್ರತಿ ಜೂನಿನಲ್ಲಿ ಗುರುಗಳೊಡನೆ ಕುಳಿತು ಅದನ್ನು ತೆರೆದು ನೋಡಿರಿ. ಗುರಿ ಬದಲಾದರೆ ಬದಲಾಗಲಿ. ಹೊಸ ಪುಟವನ್ನು ಬರೆಯಿರಿ. ಅಕ್ಷರ ಬಾರದ ತಂದೆತಾಯಿಗಳು ಊರಿನ ಕಲಿತ ತರುಣರ ನೆರವನ್ನು ಕೇಳಲು ನಾಚಬಾರದು. ಕೇಳಿದಾಗ ತರುಣರು ಇಲ್ಲವೆನ್ನಬಾರದು.

ಬರುವ ಜೂನಿಗೆ ಏಳನೆಯ ಇಯತ್ತೆಗೆ ಕಾಲಿಡುವ ಮಕ್ಕಳಿಂದಲೇ ಈ ಕಾರ್ಯ ಮೊದಲಾಗಲಿ ಎಂದು ಪ್ರಾರ್ಥಿಸುತ್ತೇನೆ.